ಒಂಟಿಮರದ ದೋಣಿ

ಒಂದೇ ಮರದ ಕಾಂಡದ ಹೊರಮೈಯನ್ನು ತಿದ್ದಿ, ಒಳಗನ್ನು ತೋಡಿ, ಹಲಗೆಗಳ ಜೋಡಣೆಯನ್ನು ಆಶ್ರಯಿಸದೆ, ಜನರನ್ನೂ ಸರಕನ್ನೂ ಹೊತ್ತು ತೇಲುವಂತೆ ರೂಪಿಸಿದ ಜಲವಾಹನಕ್ಕೆ ಒಂಟಿಮರದ ದೋಣಿ ಅಥವಾ ಏಕಕಾಷ್ಠ ನೌಕೆ ಎಂದು ಹೆಸರು. ತೊಗಲು ಹೊದಿಸಿದ ಹರಿಗೋಲೂ ಜೊಂಡಿನ ತೆಪ್ಪವೂ ಇದಕ್ಕಿಂತ ಮೊದಲೇ ಬಳಕೆಯಲ್ಲಿದ್ದಿರಬಹುದು. ಆದರೆ ಅವು ಬೇಗನೆ ಕೊಳೆತು ಮಣ್ಣಾಗುವ ವಸ್ತುಗಳಾದುದರಿಂದ, ಗಾಳಿ ಸೋಕದ ಕೆಸರಿನಲ್ಲಿ ಸಹಸ್ರಾರು ವರ್ಷ ಹುದುಗಿದ್ದರೂ ಆಕಾರಗೆಡದ ಮರದ ದಿಮ್ಮಿಯೇ ನೌಕಾಶಿಲ್ಪದ ಪ್ರಾಚೀನತೆಗೆ ಇಂದು ದೊರೆಯುವ ಮುಖ್ಯ ಸಾಕ್ಷಿಯಾಗಿದೆ. ದಿಮ್ಮಿಯನ್ನು ತೋಡಿದರೆ ದೋಣಿಯಾಯಿತು ಎಂಬ ಎಣಿಕೆಯಿಂದ ಇದನ್ನು ಒರಟು ಕೆಲಸವೆಂದು ಬಗೆಯುವುದು ವಾಡಿಕೆ. ಆದರೆ ದೋಣಿಯ ಅಗಲವು ಮರದ ಅಗಲವನ್ನು ಮೀರಲಾರದೆಂಬ ನೈಸರ್ಗಿಕ ನಿರ್ಬಂಧವನ್ನು ನಾನಾ ದೇಶಗಳ ಕುಶಲಿಗಳು ನಾನಾ ಉಪಾಯಗಳಿಂದ ದಾಟಿದ ಬಗೆಯನ್ನು ಪರಿಶೀಲಿಸಿದಲ್ಲಿ, ಈ ವೃತ್ತಿಯ ಚರಿತ್ರೆಯೆಂಬುದು ಬಹುಮಟ್ಟಿಗೆ ಆ ದಾಟುವಿಕೆಯ ಚರಿತ್ರೆಯೇ ಎಂಬುದು ಮನವರಿಕೆಯಾಗುತ್ತದೆ.

ಇದುವರೆಗೆ ದೊರೆತಿರುವ ದೋಣಿಗಳಲ್ಲೆಲ್ಲ ಅತ್ಯಂತ ಹಳೆಯದೆಂದು ಪರಿಗಣಿತವಾದುದು ನೆದರ್ಲೆಂಡ್ಸಿನ ಪೆಸ್ಸೆ ಗ್ರಾಮದ ಸಮೀಪದಲ್ಲಿ, 1955ರಲ್ಲಿ ಹೆದ್ದಾರಿಯ ನಿರ್ಮಾಣಕ್ಕಾಗಿ ಜೌಗುನೆಲವನ್ನು ಅಗೆಯುತ್ತಿದ್ದಾಗ ಸಿಕ್ಕಿತು. ಸುಮಾರು 3 ಮೀಟರ್ ಉದ್ದವೂ 44 ಸೆಂಟಿಮೀಟರ್ ಅಗಲವೂ ಇರುವ ಈ ಪೈನ್ ದಿಮ್ಮಿಯ ಕಾಲವನ್ನು ಇಂಗಾಲ ಪರೀಕ್ಷೆಯಿಂದ ಕ್ರಿ.ಪೂ. 8040ಕ್ಕೂ 7510ಕ್ಕೂ ನಡುವಣದೆಂದು ನಿರ್ಣಯಿಸಲಾಗಿದೆ. ಇಷ್ಟು ಕಿರಿದಾದುದು ದೋಣಿಯಾಗಿರಲಾರದು, ದನಗಳಿಗೆ ಮೇವಿಡುವ ಮರಿಗೆಯಾಗಿರಬೇಕು ಎಂದು ವಾದಿಸಿದವರುಂಟು. ಆ ಕಾಲಕ್ಕೆ ಆ ಪ್ರದೇಶದಲ್ಲಿ ದನ ಸಾಕುವ ಪದ್ಧತಿಯೇ ಇನ್ನೂ ಬಂದಿರಲಿಲ್ಲವೆಂಬುದನ್ನು ಅವರು ಗಮನಿಸಿದಂತೆ ತೋರದು. 2001ರಲ್ಲಿ ಇದರ ಪ್ರತಿಕೃತಿಯೊಂದನ್ನು ಕೆತ್ತಿ ನೀರಿಗಿಳಿಸಿ, ಒಬ್ಬಾತ ಅದರಲ್ಲಿ ಕುಳಿತು ಹುಟ್ಟುಹಾಕಿ ನಡೆಸಿ ತೋರಿಸಿದ ಮೇಲೆ ಈ ವಾದದ ಬಲ ಕುಗ್ಗಿತು. ಮೂಲ ದೋಣಿ ಈಗ ಆಸ್ಸೆನ್ ನಗರದ ಡ್ರೆಂಟ್ಸ್ ವಸ್ತುಸಂಗ್ರಹಾಲಯದಲ್ಲಿದೆ. ನೈಜೀರಿಯದ ದುಫೂನ ಎಂಬಲ್ಲಿ 1987ರಲ್ಲಿ ಫುಲಾನಿ ದನಗಾಹಿಯೊಬ್ಬನು ಬಾವಿ ತೋಡುವಾಗ ಹಾರೆಗೆ ತಗುಲಿದ, 8 ಮೀಟರಿಗೂ ಮೀರಿದ ಉದ್ದದ ದೋಣಿಯೂ ಸುಮಾರು ಎಂಟು ಸಹಸ್ರ ವರ್ಷಗಳಷ್ಟು ಹಳೆಯದು. ಅದರ ತೆಳುವಾದ ಪಕ್ಕಗಳನ್ನೂ ಚೂಪಾದ ತುದಿಗಳನ್ನೂ ನೋಡಿದವರು ಅದನ್ನು ಮೊದಲ ಪ್ರಯತ್ನವೆಂದು ಹೇಳಲಾರರು. ಅದರ ಹಿಂದೆ ತಲೆಮಾರುಗಳ ಅಭ್ಯಾಸವಿರಲೇಬೇಕು. ರೋಮ್ ನಗರದ ವಾಯವ್ಯಕ್ಕಿರುವ ಬ್ರಚಾನೊ ಸರೋವರದ ತಳದಲ್ಲಿ ಮುಳುಗಿದ್ದ ನವಶಿಲಾಯುಗದ ಗ್ರಾಮದಿಂದ ಐದು ದೋಣಿಗಳು ಹೊರಬಂದಿದ್ದು, ಅವುಗಳಲ್ಲೊಂದರ ಮಗ್ಗುಲಿಗೆ ಹಗ್ಗ ಪೋಣಿಸಲು ತೂತುಗಳಿದ್ದ ಮರದ ಬಿಡಿಭಾಗಗಳೂ ಇದ್ದುವು. ಅಮೆರಿಕದ ಫ್ಲಾರಿಡಾದಲ್ಲಿ 2000ದ ಬರಗಾಲದಲ್ಲಿ ನ್ಯೂನನ್ಸ್ ಸರೋವರ ಬತ್ತಿದಾಗ ಒಂದೇ ಕಡೆ 101 ದೋಣಿಗಳು ಬಯಲಾದುವು.

ಯಾವ ಮರವಾದರೂ ಆದೀತೆಂಬ ಮಾತು ಈ ವೃತ್ತಿಯಲ್ಲಿ ನಡೆಯುವುದಿಲ್ಲ. ಉತ್ತರ ಯೂರೋಪಿನ ಓಕ್ ಮರ ಗಟ್ಟಿಯಾದುದೇನೋ ಹೌದು, ಆದರೆ ದೋಣಿಗೆ ಬೇಕಾದಷ್ಟು ದಪ್ಪನಾಗುವ ವೇಳೆಗೆ ಅದರ ತಿರುಳು ಬುಡದ ಕಡೆಯಿಂದ ಕೊಳೆತು ಟೊಳ್ಳಾಗಿರುತ್ತದೆ. ಅಲ್ಲಿಯ ಬಡಗಿಗಳು ಈ ದೋಷವನ್ನೇ ಅನುಕೂಲವಾಗಿ ಮಾಡಿಕೊಂಡರು: ಟೊಳ್ಳಾದ ಬುಡದ ತುದಿಯನ್ನು ತೆರೆದೇ ಬಿಟ್ಟು, ಒಳಮೈಯಲ್ಲಿ ಅಡ್ಡಲಾಗಿ ಗಾಡಿ ತೆಗೆದು, ಅದಕ್ಕೆ ಬೇರೊಂದು ಹಲಗೆಯನ್ನು ಕೂರಿಸಿ, ಸಂದುಗಳಿಗೆ ಪಾಚಿ ತುರುಕಿ ನೀರು ಬಾರದಂತೆ ಮುಚ್ಚಿದರು. ಇಂಗ್ಲೆಂಡಿನ ಬ್ರಿಗ್ ಎಂಬಲ್ಲಿ 1886ರಲ್ಲಿ ದೊರೆತ, 14 ಮೀಟರಿಗೂ ಹೆಚ್ಚು ಉದ್ದದ ಓಕ್ ದೋಣಿ ಈ ವಿಧಾನಕ್ಕೆ ಪ್ರಸಿದ್ಧ ನಿದರ್ಶನವಾಗಿತ್ತು. ಸಾವಿರಾರು ವರ್ಷ ಕೆಸರಿನಲ್ಲಿ ಕೆಡದೆ ಉಳಿದ ಅದು, ಹಲ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದಾಗ 1943ರ ಬಾಂಬು ದಾಳಿಯಲ್ಲಿ ಸುಟ್ಟುಹೋಯಿತು.

ಈ ದೋಣಿಗಳು ವಾಣಿಜ್ಯಕ್ಕೂ ಸಲ್ಲುತ್ತಿದ್ದುವು. 10ನೆಯ ಶತಮಾನದ ಬೈಜಾಂಟಿಯಮ್ ಚಕ್ರವರ್ತಿ 7ನೆಯ ಕಾನ್‌ಸ್ಟಂಟೈನನು ತನ್ನ ಮಗನ ಶಿಕ್ಷಣಕ್ಕಾಗಿ ಸಿದ್ಧಪಡಿಸಿದ ರಾಜ್ಯನೀತಿ ಗ್ರಂಥದಲ್ಲಿ ಹೇಳಿರುವಂತೆ, ಸ್ಲಾವ್ ಜನರು ಚಳಿಗಾಲದಲ್ಲಿ ಬೆಟ್ಟಗಳಲ್ಲಿ ಮರ ಕಡಿದು ತೋಡಿಟ್ಟು, ಹಿಮ ಕರಗಿದೊಡನೆ ಅವನ್ನು ಕೀವ್ ನಗರಕ್ಕೆ ತೇಲಿಬಿಟ್ಟು ಮಾರುತ್ತಿದ್ದರು. ಕೊಂಡ ರುಸ್ ವರ್ತಕರು ಹಳೆಯ ದೋಣಿಗಳ ಹುಟ್ಟುಗಳನ್ನೂ ಇತರ ಸಲಕರಣೆಗಳನ್ನೂ ಬಿಚ್ಚಿ ಹೊಸದಕ್ಕೆ ಜೋಡಿಸಿಕೊಂಡು, ದ್ನೀಪರ್ ನದಿಯ ರಭಸದ ಹರಿವುಗಳಲ್ಲಿ ನೀರಿಗಿಳಿದು ಬರಿಗಾಲಿನಿಂದ ಬಂಡೆಗಳನ್ನು ತಡವಿ ನೋಡುತ್ತ, ತೀರ ದುರ್ಗಮವಾದೆಡೆ ದೋಣಿಯನ್ನೇ ಹೆಗಲ ಮೇಲೆ ಹೊತ್ತು ದಾಟಿ, ಕಾನ್‌ಸ್ಟಂಟಿನೋಪಲ್ ಸೇರುತ್ತಿದ್ದರು.

ಭಾರತದ ಪಶ್ಚಿಮ ಕರಾವಳಿಯ ವಿಷಯದಲ್ಲಿಯೂ ಇಂಥದೇ ಹಳೆಯ ಸಾಕ್ಷ್ಯವಿದೆ. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಮಲಬಾರಿನ ಮೆಣಸು ಒಂಟಿಮರದ ದೋಣಿಗಳಲ್ಲಿ ರೇವಿಗೆ ಬರುತ್ತಿತ್ತೆಂದು ಬರೆದಿದ್ದಾನೆ. ಪ್ರಾಚೀನ ಮುಜಿರಿಸ್ ಪಟ್ಟಣದ ನೆಲೆಯೆಂದು ಅನೇಕ ವಿದ್ವಾಂಸರು ಗುರುತಿಸುವ ಕೇರಳದ ಪಟ್ಟಣಂ ಉತ್ಖನನದಲ್ಲಿ ಸುಮಾರು 6 ಮೀಟರ್ ಉದ್ದದ ಅಂಥ ದೋಣಿಯೊಂದು ದೊರೆತಿದೆ. ಅದು ಹೆಬ್ಬಲಸಿನ ಮರದ್ದು. ಘಟ್ಟದ ಸೆರಗಿನ ಹೆಬ್ಬಲಸು ಮತ್ತು ಮಾವು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥ ಮರಗಳು. ಬೃಹದ್ವೃಕ್ಷಗಳೇ ಇಲ್ಲದ ಅರಬ್ ದೇಶದ ತೀರದಲ್ಲಿ 'ಹೂರಿ' ಎಂದು ಕರೆಯಲ್ಪಡುವ ಮೀನುಗಾರರ ದೋಣಿಗಳು ಮಲಬಾರಿನಲ್ಲಿ ಕೆತ್ತಲ್ಪಟ್ಟು ಹಡಗುಗಳ ಮೂಲಕ ಒಮಾನ್ ಮತ್ತು ಯೆಮೆನ್‌ಗಳಿಗೆ ಹೋದವು. ಮೆಣಸು ಏಲಕ್ಕಿಗಳ ರಫ್ತನ್ನು ವಿಸ್ತಾರವಾಗಿ ವರ್ಣಿಸುವ ನಮ್ಮ ಚರಿತ್ರೆಗಳು ಈ ದೋಣಿಗಳ ರಫ್ತಿಗೆ ಕೊಟ್ಟಿರುವ ಸ್ಥಳ ಅತ್ಯಲ್ಪ. ಕರ್ನಾಟಕದ ಕರಾವಳಿಯಲ್ಲಿ ಒಬ್ಬಿಬ್ಬರು ಕೂತು ಅಳಿವೆಯಲ್ಲಿಯೂ ತೀರದ ಸಮೀಪದಲ್ಲಿಯೂ ಬಲೆ ಬೀಸುವ 'ಪಾತಿ' ಈ ವರ್ಗದ್ದೇ. ಉತ್ತರ ಕನ್ನಡದಿಂದ ಕೊಂಕಣದವರೆಗೆ ಇಂಥ ದೋಣಿಯ ಒಂದು ಮಗ್ಗುಲಿಗೆ ಎರಡು ಅಡ್ಡಗಳುಗಳ ತುದಿಯಲ್ಲಿ ತೇಲುಮರವನ್ನು ಕಟ್ಟಿ, ಕಿರಿದಾದ ಒಡಲು ಮಗುಚದಂತೆ ಮಾಡುವ ಪದ್ಧತಿಯಿದೆ. ಮದರಾಸು ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಭಾರತದ ದೋಣಿಗಳನ್ನು ಕುರಿತು 1920ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಚರ್ಚಿಸಿ, ಶಾಂತಸಾಗರದ ದ್ವೀಪಗಳ ಪದ್ಧತಿಯೊಡನೆ ಹೋಲಿಸಿದ್ದಾನೆ. ಬಂಗಾಳದಲ್ಲಿ ತಾಳೆಮರದ ಉಬ್ಬಿದ ಬುಡವನ್ನೇ ತೋಡಿ 'ಡೋಂಗಾ' ಮಾಡುತ್ತಾರೆ.

ಮಗ್ಗುಲಿಗೆ ತೇಲುಮರ ಕಟ್ಟುವುದು, ಅಂಚಿನ ಮೇಲೆ ಹಲಗೆ ಹೊಲಿದು ಎತ್ತರಿಸುವುದು, ಇವೆರಡೂ ಮರದ ಹೊರಗಣ ಉಪಾಯಗಳು. ಮರವನ್ನೇ ಅದರ ಗಾತ್ರಕ್ಕಿಂತ ಅಗಲವಾಗಿಸುವ ವಿದ್ಯೆ ಪರಾಕಾಷ್ಠೆಗೆ ಮುಟ್ಟಿದುದು ಉತ್ತರ ಅಮೆರಿಕದ ವಾಯವ್ಯ ಕರಾವಳಿಯಲ್ಲಿ, ವಿಶೇಷತಃ ಈಗ ಕೆನಡಾಕ್ಕೆ ಸೇರಿದ ಹೈಡಾ ಗ್ವಾಯಿ ದ್ವೀಪಗಳ ಹೈಡಾ ಜನರಲ್ಲಿ. ಅಲ್ಲಿಯ ಕೆಂಪು ಸೀಡರ್ ಮರ ಹಗುರ, ನೇರ ಎಳೆಯದು, ಸುಲಭವಾಗಿ ಸೀಳತಕ್ಕದ್ದು, ಬೇಗ ಕೊಳೆಯದು. ಆದರೂ ಮುದಿಮರಗಳ ಒಳಗು ಕೊಳೆತಿರುವ ಸಂಭವವುಂಟಾದುದರಿಂದ, ಬಡಗಿಯು ಕಡಿಯುವ ಮುನ್ನ ಕಾಂಡದಲ್ಲೊಂದು ಆಳವಾದ ರಂಧ್ರವನ್ನು ಕೆತ್ತಿ ತಿರುಳನ್ನು ಪರೀಕ್ಷಿಸುತ್ತಿದ್ದನು. ಹೀಗೆ ಪರೀಕ್ಷಿಸಿ ತಿರಸ್ಕರಿಸಿದ ಮರಗಳೂ ಅರ್ಧ ಕೆತ್ತಿ ಕೈಬಿಟ್ಟ ದೋಣಿಗಳೂ ಆ ಕಾಡುಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಆರಿಸಿದ ಮರವನ್ನು ಬೆಂಕಿ, ಕಲ್ಲಿನ ಬಾಚಿ ಮತ್ತು ಬೆಣೆಗಳ ಸಹಾಯದಿಂದ ಉರುಳಿಸಿ, ಭಾರ ಇಳಿಯುವಂತೆ ಕಾಡಿನಲ್ಲಿಯೇ ಸ್ಥೂಲವಾಗಿ ಕೆತ್ತಿ, ಬಳಿಕ ಹಳ್ಳಿಗೆ ಎಳೆದು ತಂದು ಸೂಕ್ಷ್ಮದ ಕೆಲಸವನ್ನು ಆರಂಭಿಸುತ್ತಿದ್ದರು.

ಒಡಲಿನ ದಪ್ಪ ಎಲ್ಲೆಡೆಯೂ ಹದವಾಗಿರಬೇಕಾದುದು ಈ ಕೆಲಸದ ಮರ್ಮ. ಹೊರಮೈ ಪೂರ್ತಿಯಾದ ಮೇಲೆ ಅಲ್ಲಲ್ಲಿ ಸಣ್ಣ ರಂಧ್ರ ಕೊರೆದು, ಆ ಜಾಗದಲ್ಲಿ ಇರಬೇಕಾದ ದಪ್ಪದಷ್ಟೇ ಉದ್ದದ ಕಡ್ಡಿಯನ್ನು ಬಡಿದು ಕೂರಿಸುವರು. ಒಳಗಿನಿಂದ ಬಾಚಿ ಹೊಡೆಯುತ್ತ ಬಂದವನಿಗೆ ಕಡ್ಡಿಯ ತುದಿ ಕಂಡೊಡನೆ ಅಲ್ಲಿಗೆ ಕೈ ತಡೆಯಬೇಕೆಂದು ಗೊತ್ತಾಗುವುದು. ಅನಂತರ ಒಡಲಿಗೆ ನೀರು ತುಂಬಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಕಲ್ಲುಗಳನ್ನು ಒಂದೊಂದಾಗಿ ಅದರೊಳಗಿಳಿಸಿ, ನೀರು ಕುದಿಬಂದ ಮೇಲೆ ಆವಿ ಹೊರಹೋಗದಂತೆ ಚಾಪೆ ಮುಚ್ಚಿ, ಪಕ್ಕಗಳು ಮೆತ್ತಗಾದಂತೆಲ್ಲ ಮೊದಲಿನದಕ್ಕಿಂತ ತುಸು ಉದ್ದವಾದ ಅಡ್ಡಪಟ್ಟಿಗಳನ್ನು ತುರುಕುತ್ತ ದೋಣಿಯನ್ನು ಅರಳಿಸುವರು. ಅರಳುವಾಗ ನಡುವಣ ಅಂಚುಗಳು ತಗ್ಗುತ್ತವೆ, ಎರಡು ತುದಿಗಳು ಮೇಲೇಳುತ್ತವೆ. ನೇರವಾಗಿದ್ದ ತಳವೂ ಬಾಗುತ್ತದೆ. ಆದುದರಿಂದ ಬಡಗಿಯು ಕೆತ್ತುವಾಗಲೇ ನಡುವಿನ ಅಂಚನ್ನು ಎತ್ತರವಾಗಿಯೂ ತಳವನ್ನು ಉಬ್ಬಾಗಿಯೂ ಬಿಟ್ಟಿರಬೇಕು, ಅಂದರೆ ಕಣ್ಣೆದುರಿಗಿರುವ ಆಕಾರವನ್ನಲ್ಲ, ಆವಿಯ ನಂತರ ಬರಲಿರುವ ಆಕಾರವನ್ನು ಕೆತ್ತಬೇಕು. ತಪ್ಪಿದಲ್ಲಿ ಮರ ಸೀಳಿ, ಅಷ್ಟು ದಿನಗಳ ಶ್ರಮ ಒಂದು ಗಳಿಗೆಯಲ್ಲಿ ವ್ಯರ್ಥವಾಗುವುದು. ನಕಾಶೆಯೂ ಅಳತೆಪಟ್ಟಿಯೂ ಇಲ್ಲದೆ ಇದನ್ನು ಸಾಧಿಸಿದವರನ್ನು ಅನಾಗರಿಕರೆಂದು ಕರೆದ ಪ್ರವಾಸಿಗಳ ವಿವೇಚನೆಗೆ ಏನೆನ್ನಬೇಕೋ ತಿಳಿಯದು. ಹೈಡಾ ದೋಣಿಗಳಿಗೆ ನೆರೆಯ ಜನಾಂಗಗಳಲ್ಲಿ ಎಷ್ಟು ಬೇಡಿಕೆಯಿತ್ತೆಂದರೆ, ಅವನ್ನು ಮುಖ್ಯಭೂಮಿಗೆ ಒಯ್ದು ಮೀನಿನ ಕೊಬ್ಬಿನೆಣ್ಣೆಗೆ ವಿನಿಮಯ ಮಾಡಿಕೊಳ್ಳುತ್ತಿದ್ದರು. ಅದೇ ಕರಾವಳಿಯ ನೂಟ್ಕಾ ಜನರ ಹಳೆಯ ದೋಣಿಯೊಂದಕ್ಕೆ ಪಟಗಳನ್ನೂ ಮೇಲಟ್ಟವನ್ನೂ ಕಟ್ಟಿ, ಜಾನ್ ವಾಸ್ ಎಂಬ ನಾವಿಕನು 1901ರಲ್ಲಿ ವಿಕ್ಟೋರಿಯದಿಂದ ಹೊರಟು 1904ರಲ್ಲಿ ಇಂಗ್ಲೆಂಡನ್ನು ಮುಟ್ಟಿದನು.

1862ರ ಸಿಡುಬಿನ ಮಾರಿ ಹೈಡಾ ಹಳ್ಳಿಗಳನ್ನು ಬರಿದುಮಾಡಿದ ಮೇಲೆ ಈ ವಿದ್ಯೆ ಕ್ಷೀಣಿಸುತ್ತ ಬಂತು. ಹೈಡಾ ಮೂಲದ ಶಿಲ್ಪಿ ಬಿಲ್ ರೀಡ್ ಹಳೆಯ ದೋಣಿಗಳನ್ನು ಅಳೆದು ಅಭ್ಯಸಿಸಿ, ವ್ಯಾಂಕೂವರಿನ 1986ರ ವಿಶ್ವಪ್ರದರ್ಶನಕ್ಕಾಗಿ ಸುಮಾರು 15 ಮೀಟರ್ ಉದ್ದದ 'ಲೂ ಟಾಸ್' ದೋಣಿಯನ್ನು ನಿರ್ಮಿಸಿದನು. ಮರುವರ್ಷ ಅದನ್ನು ಹುಟ್ಟುಹಾಕಿಯೇ ಹೈಡಾ ಗ್ವಾಯಿಗೆ ಕೊಂಡೊಯ್ಯಲಾಯಿತು. ನ್ಯೂಜಿಲೆಂಡಿನ ಮಾವೋರಿಗಳಲ್ಲಿ ಇಂಥ ಪುನರುಜ್ಜೀವನ ಮೊದಲೇ ನಡೆದಿತ್ತು. ವನದೇವತೆ ತಾನೆಯ ಅನುಮತಿ ಬೇಡಿ ಮರವನ್ನುರುಳಿಸುವ ಆ ಜನರು, ವೈತಾಂಗಿ ಒಪ್ಪಂದದ ಶತಮಾನೋತ್ಸವಕ್ಕಾಗಿ 1940ರಲ್ಲಿ ಮೂರು ಕೌರಿ ಮರಗಳನ್ನು ಜೋಡಿಸಿ 35 ಮೀಟರಿಗೂ ಮಿಕ್ಕ ಯುದ್ಧದೋಣಿಯನ್ನು ನೀರಿಗಿಳಿಸಿದರು.

ಉಳಿದೆಡೆಗಳಲ್ಲಿ ಚಿತ್ರ ಅಷ್ಟು ಆಶಾದಾಯಕವಾಗಿಲ್ಲ. ನಮ್ಮ ಕರಾವಳಿಯಲ್ಲಿ ದೊಡ್ಡ ಮರಗಳು ದುರ್ಲಭವಾಗಿ, ಇದ್ದ ಮರಗಳ ಬೆಲೆ ಏರಿ, 1980ರ ದಶಕದಿಂದೀಚೆಗೆ ಫೈಬರ್ ದೋಣಿಗಳು ಪಾತಿಯ ಸ್ಥಾನವನ್ನು ಬಹುಪಾಲು ಆಕ್ರಮಿಸಿವೆ. ಅವು ಹಗುರವೂ ಕಡಿಮೆ ಆರೈಕೆ ಬೇಡುವಂಥವೂ ಆದುದರಿಂದ ಬೆಸ್ತರನ್ನು ದೂರುವಂತಿಲ್ಲ. ಎಸ್ಟೋನಿಯದ ಸೂಮಾ ಪ್ರದೇಶದಲ್ಲಿ, ವಸಂತದ ಪ್ರವಾಹವನ್ನು ಐದನೆಯ ಋತುವೆಂದೇ ಎಣಿಸುವ ಜನರು, ಆಸ್ಪೆನ್ ಮರವನ್ನು ತೆಳ್ಳಗೆ ತೋಡಿ, ಬೆಂಕಿಯ ಕಾವಿಗೊಡ್ಡಿ ನೀರು ಚಿಮುಕಿಸುತ್ತ ಅರಳಿಸುವ ವಿದ್ಯೆಯನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಬಲ್ಲ ಕುಶಲಿಗಳು ಕೆಲವರೇ ಉಳಿದಿರುವುದರಿಂದ ಯುನೆಸ್ಕೊ ಸಂಸ್ಥೆಯು 2021ರಲ್ಲಿ ಇದನ್ನು ತುರ್ತು ರಕ್ಷಣೆ ಅಗತ್ಯವಾದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು.