ಬೆಂಗಳೂರಿನ ನಗರಾಡಳಿತ: ಇಲಾಖೆಗಳು ಮತ್ತು ಅವುಗಳ ಹೊಣೆ

ಬೆಂಗಳೂರು ಮಹಾನಗರದ ಪೌರಾಡಳಿತವೆಂಬುದು, ಚುನಾಯಿತ ಸದಸ್ಯರ ಸಭೆ, ಆ ಸಭೆಯಿಂದ ಹುಟ್ಟುವ ಸ್ಥಾಯಿ ಸಮಿತಿಗಳು, ರಾಜ್ಯ ಸರ್ಕಾರವು ನೇಮಿಸುವ ಆಯುಕ್ತರು ಎಂಬ ಮೂರು ಅಧಿಕಾರಸ್ಥಾನಗಳನ್ನು ಆಶ್ರಯಿಸಿ, ಕಂದಾಯ, ಕಾಮಗಾರಿ, ಆರೋಗ್ಯ, ನಗರ ಯೋಜನೆ ಮೊದಲಾದ ಇಲಾಖೆಗಳ ಮುಖಾಂತರ ನಡೆದುಬಂದಿರುವ ವ್ಯವಸ್ಥೆ. ಈ ಇಲಾಖೆಗಳೆಲ್ಲವೂ ಒಂದೇ ಕಾಲದಲ್ಲಿ ಒಂದೇ ಆಲೋಚನೆಯಿಂದ ಮೈದಳೆದವುಗಳಲ್ಲ. ಊರಿಗೆ ಯಾವ ಆಪತ್ತು ಬಂದಿತೋ, ಯಾವ ಅಭಾವವು ಜನರನ್ನು ಪೀಡಿಸಿತೋ, ಅದಕ್ಕೆ ಪರಿಹಾರವಾಗಿ ಒಂದೊಂದು ಅಧಿಕಾರಿಸ್ಥಾನವೂ ಒಂದೊಂದು ಮಂಡಳಿಯೂ ಸ್ಥಾಪಿತವಾಗಿ, ಆಪತ್ತು ಕಳೆದ ತರುವಾಯವೂ ಉಳಿದುಕೊಂಡು, ಕಾಲಕ್ರಮದಲ್ಲಿ ಇಂದಿನ ವಿಸ್ತಾರವಾದ ರಚನೆ ಸಿದ್ಧವಾಯಿತು. ಯಾವ ಕೆಲಸ ಯಾರ ಹೊಣೆ ಎಂಬ ಪ್ರಶ್ನೆ ಈ ನಗರದಲ್ಲಿ ಇಷ್ಟು ಜಟಿಲವಾಗಿರುವುದಕ್ಕೆ ಕಾರಣವನ್ನು ಆ ಚರಿತ್ರೆಯಲ್ಲಿಯೇ ಅರಸಬೇಕು.

1850ರ ಪಟ್ಟಣ ಸುಧಾರಣಾ ಕಾಯಿದೆಯನ್ನು ಅನುಸರಿಸಿ 1862ರ ಮಾರ್ಚ್ 27ರಂದು ಹಳೆಯ ಪೇಟೆಯ ಗಣ್ಯ ನಾಗರಿಕರಲ್ಲಿ ಒಂಬತ್ತು ಮಂದಿಯ ಮಂಡಳಿಯೊಂದು ರಚಿತವಾದುದು ಬೆಂಗಳೂರಿನ ಪೌರಾಡಳಿತದ ಆರಂಭ. ಬ್ರಿಟಿಷ್ ಸೈನ್ಯದ ನೆಲೆಯಾಗಿದ್ದ ದಂಡಿನ (ಕಂಟೋನ್ಮೆಂಟ್) ಪ್ರದೇಶಕ್ಕೂ ಅಂಥದೇ ಮಂಡಳಿ ಬಂದಿತು. 1881ರಲ್ಲಿ ಎರಡಕ್ಕೂ ಕಾನೂನಿನ ಮಾನ್ಯತೆ ದೊರೆತು, ಪೇಟೆಯು ಬೆಂಗಳೂರು ನಗರ ಮುನಿಸಿಪಾಲಿಟಿಯೆಂದೂ ದಂಡು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮುನಿಸಿಪಾಲಿಟಿಯೆಂದೂ ಬೇರೆಬೇರೆಯಾಗಿ ನಡೆಯತೊಡಗಿದವು. ಮೊದಲನೆಯದು ಮೈಸೂರು ಸಂಸ್ಥಾನದ ಅಧೀನ, ಎರಡನೆಯದು ಬ್ರಿಟಿಷ್ ರೆಸಿಡೆಂಟರ ಅಧೀನ. ಮರುವರ್ಷ ಸದಸ್ಯರಲ್ಲಿ ಅರ್ಧದಷ್ಟು ಜನರನ್ನು ಚುನಾಯಿಸುವ ಅವಕಾಶವೂ, ಅದರೊಡನೆ ಆಸ್ತಿ ತೆರಿಗೆಯೂ ಬಂದವು. ಪ್ರಾತಿನಿಧ್ಯವೂ ಕರಭಾರವೂ ಈ ಊರಿಗೆ ಜೊತೆಯಾಗಿಯೇ ಕಾಲಿಟ್ಟುವೆಂಬುದು ಮನನಯೋಗ್ಯವಾದ ಸಂಗತಿ.

1898ರ ಪ್ಲೇಗು ಈ ಆಡಳಿತದ ಸ್ವರೂಪವನ್ನು ಮಾರ್ಪಡಿಸಿದಷ್ಟು ಆಳವಾಗಿ ಆ ಕಾಲದ ಯಾವ ಶಾಸನವೂ ಮಾರ್ಪಡಿಸಲಿಲ್ಲ. ಗಾಳಿ ಬೆಳಕುಗಳಿಲ್ಲದ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಮಾರಿಯು ಹಬ್ಬಿ, ಜನರು ಮನೆಗಳನ್ನು ತೊರೆದು ಬಯಲಿಗೆ ಹೋಗುತ್ತಿದ್ದ ಆ ದಿನಗಳಲ್ಲಿಯೇ ನಗರಕ್ಕೆ ಒಬ್ಬ ಆರೋಗ್ಯಾಧಿಕಾರಿಯ ನೇಮಕವಾಯಿತು. ನಿರೋಧಕಾರ್ಯದ ಅನುಕೂಲಕ್ಕಾಗಿ ಊರನ್ನು ನಾಲ್ಕು ವಾರ್ಡುಗಳಾಗಿ ವಿಭಾಗಿಸಲಾಯಿತು. ಹೊಸದಾಗಿ ಕಟ್ಟುವ ಮನೆಗಳಿಗೆ ನೈರ್ಮಲ್ಯದ ಕಟ್ಟಳೆಗಳು ವಿಧಿಸಲ್ಪಟ್ಟವು. ಮಲ್ಲೇಶ್ವರ, ಬಸವನಗುಡಿಗಳ ಹೊಸ ಬಡಾವಣೆಗಳು ಪೇಟೆಯ ಜನಕ್ಕೆ ಆಶ್ರಯವಾದವು. ಇಂದಿನ ಆರೋಗ್ಯ ಇಲಾಖೆ, ವಾರ್ಡು ಪದ್ಧತಿ, ಕಟ್ಟಡದ ಉಪವಿಧಿಗಳು ಈ ಮೂರರ ಬೇರುಗಳೂ ಆ ಒಂದು ವರ್ಷದ ಸಂಕಟವನ್ನು ಮುಟ್ಟುತ್ತವೆ. ಬೀದಿದೀಪದ ಶಾಖೆಯ ಹುಟ್ಟು ಮಾತ್ರ ಶುಭಕರವಾದುದು: ಶಿವನಸಮುದ್ರದ ವಿದ್ಯುತ್ತಿನಿಂದ 1905ರ ಆಗಸ್ಟ್ 5ರಂದು ನಗರದ ಬೀದಿಗಳು ಬೆಳಗಿದುವು.

ದಂಡಿನ ಪ್ರದೇಶವು 1947ರಲ್ಲಿ ಸಂಸ್ಥಾನಕ್ಕೆ ಮರಳಿದ ಮೇಲೆ, 1949ರ ಕಾಯಿದೆಯಿಂದ ಎರಡು ಮುನಿಸಿಪಾಲಿಟಿಗಳೂ ಒಂದಾಗಿ, 70 ಚುನಾಯಿತ ಸದಸ್ಯರ ಬೆಂಗಳೂರು ನಗರ ಕಾರ್ಪೊರೇಷನ್ ಅಸ್ತಿತ್ವಕ್ಕೆ ಬಂದಿತು. ಹೀಗೆ ಕೂಡಿದ ಎರಡು ಊರುಗಳ ಬೀದಿಗಳೂ ಭಾಷೆಗಳೂ ಕರದ ಲೆಕ್ಕಗಳೂ ಬೇರೆಯಾಗಿದ್ದುವು. ತರುವಾಯ 1976ರ ಕರ್ನಾಟಕ ಪೌರ ನಿಗಮಗಳ ಕಾಯಿದೆಯು ರಾಜ್ಯದ ಎಲ್ಲ ಮಹಾನಗರಗಳಿಗೂ ಏಕರೂಪವಾದ ವಿಧಾನವನ್ನು ಒದಗಿಸಿತು. ಮೈಸೂರು, ಹುಬ್ಬಳ್ಳಿ–ಧಾರವಾಡ, ಮಂಗಳೂರು ಮೊದಲಾದ ನಗರಗಳಲ್ಲಿ ಇಂದಿಗೂ ಅದೇ ಆಧಾರ. ಬೆಂಗಳೂರಿನಲ್ಲಿಯೂ 2021ರ ಜನವರಿಯ ಪರ್ಯಂತ ಅದೇ ನಡೆಯಿತು.

ಆ ಕಾಯಿದೆಯು ನಗರದ ಕೆಲಸಗಳನ್ನು ಕಡ್ಡಾಯವಾದವು, ವಿವೇಚನೆಗೆ ಬಿಟ್ಟವು ಎಂದು ಎರಡು ವರ್ಗ ಮಾಡಿತು. ಬೀದಿಗಳನ್ನು ಗುಡಿಸುವುದು, ಬೆಳಗಿಸುವುದು, ಕಸ ಸಾಗಿಸುವುದು, ಚರಂಡಿ ಕಟ್ಟುವುದು, ಸ್ಮಶಾನಗಳ ಪಾಲನೆ, ಸಾಂಕ್ರಾಮಿಕ ರೋಗಗಳ ತಡೆ ಮೊದಲಾದುವು ಮೊದಲನೆಯ ವರ್ಗಕ್ಕೆ ಸೇರಿದುವು. ಇವುಗಳನ್ನು ಮಾಡದೆ ಇರುವ ಸ್ವಾತಂತ್ರ್ಯ ಪಾಲಿಕೆಗೆ ಇಲ್ಲ. ಗ್ರಂಥಾಲಯ, ವಸ್ತುಸಂಗ್ರಹಾಲಯ ಮುಂತಾದುವನ್ನು ಶಕ್ತ್ಯನುಸಾರ ಕೈಗೊಳ್ಳಬಹುದು. ಪಾಲಿಕೆಯ ಸಭೆಯು ನೀತಿಯನ್ನು ನಿರ್ಣಯಿಸುತ್ತದೆ, ಆಯವ್ಯಯವನ್ನು ಅಂಗೀಕರಿಸುತ್ತದೆ. ವಾರ್ಡುಗಳ ಸದಸ್ಯರಲ್ಲದೆ ನಗರವನ್ನು ಪ್ರತಿನಿಧಿಸುವ ಶಾಸಕರೂ ಸಂಸತ್ಸದಸ್ಯರೂ ಅಲ್ಲಿ ಕುಳಿತುಕೊಳ್ಳುತ್ತಾರೆ. ತೆರಿಗೆ, ಹಣಕಾಸು ಮತ್ತು ಅಪೀಲು; ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ; ನಗರ ಯೋಜನೆ ಮತ್ತು ಅಭಿವೃದ್ಧಿ; ಲೆಕ್ಕಪತ್ರ ಎಂಬ ನಾಲ್ಕು ಸ್ಥಾಯಿ ಸಮಿತಿಗಳು ಸಾಮಾನ್ಯವಾಗಿ ಎಲ್ಲ ಪಾಲಿಕೆಗಳಿಗೂ ಉಂಟು. ಬೆಂಗಳೂರಿನಲ್ಲಿ ಕೆಲಸ ಬೆಳೆದಂತೆ ಇವು ಹನ್ನೆರಡಾದುವು. ಹಣಕಾಸು ಸಮಿತಿಯ ಅಧ್ಯಕ್ಷರೇ ಆಯವ್ಯಯವನ್ನು ಮಂಡಿಸುವ ಸಂಪ್ರದಾಯವಿದ್ದುದರಿಂದ ಆ ಸ್ಥಾನಕ್ಕೆ ವಿಶೇಷ ಗೌರವವಿತ್ತು. ಮಹಾಪೌರರ ಅವಧಿಯಾದರೋ ಒಂದು ವರ್ಷ ಮಾತ್ರವಾಗಿತ್ತು. ಇಲಾಖೆಗಳ ಹೆಸರುಗಳನ್ನೂ ಅವುಗಳ ಕಡತಗಳ ಕ್ರಮವನ್ನೂ ತಿಳಿದುಕೊಳ್ಳುವಷ್ಟರಲ್ಲಿ ಆಸನವನ್ನು ಬಿಟ್ಟುಕೊಡಬೇಕಾದ ನಾಯಕನಿಂದ ಇಲಾಖೆಗಳು ಎಷ್ಟು ಮಾರ್ಗದರ್ಶನ ಪಡೆದಾವು? ಬೆಂಗಳೂರಿಗಾಗಿಯೇ ರಚಿತವಾದ 2020ರ ಕಾಯಿದೆಯು ಈ ಅವಧಿಯನ್ನು ಮೂವತ್ತು ತಿಂಗಳಿಗೆ ಹೆಚ್ಚಿಸಿದುದು ಬಹುಕಾಲದಿಂದ ಬೇಕಾಗಿದ್ದ ತಿದ್ದುಪಡಿ.

ಕಾರ್ಯನಿರ್ವಹಣೆಯ ಅಧಿಕಾರವೆಲ್ಲ ಆಯುಕ್ತರಲ್ಲಿ ನೆಲೆಸಿದೆ. ಅವರ ಕೈಕೆಳಗೆ ವಿಶೇಷ ಆಯುಕ್ತರು ಹಣಕಾಸು, ಕಂದಾಯ, ಆರೋಗ್ಯ, ಯೋಜನೆ ಮೊದಲಾದ ವಿಷಯಗಳನ್ನು ಹಂಚಿಕೊಳ್ಳುತ್ತಿದ್ದರು. ಇದು ವಿಷಯಾನುಸಾರವಾದ ವಿಭಾಗ. ಇದಕ್ಕೆ ಅಡ್ಡವಾಗಿ ಪ್ರದೇಶಾನುಸಾರವಾದ ಇನ್ನೊಂದು ವಿಭಾಗವಿದೆ: ಪೂರ್ವ, ಪಶ್ಚಿಮ, ದಕ್ಷಿಣ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ, ಯಲಹಂಕ, ದಾಸರಹಳ್ಳಿ ಎಂಬ ಎಂಟು ವಲಯಗಳು 2007ರಿಂದ 2025ರವರೆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದಲ್ಲಿ ಇದ್ದುವು. ಈ ಎರಡು ವಿಭಾಗಗಳೂ ಒಂದರೊಡನೊಂದು ಹೆಣೆದುಕೊಂಡಿರುವುದರಿಂದ ವಾರ್ಡಿನ ಒಬ್ಬ ಇಂಜಿನಿಯರು ತನ್ನ ವಲಯದ ಮುಖ್ಯಸ್ಥರಿಗೂ ತನ್ನ ಇಲಾಖೆಯ ಮುಖ್ಯ ಇಂಜಿನಿಯರಿಗೂ ಏಕಕಾಲದಲ್ಲಿ ಉತ್ತರ ಹೇಳಬೇಕಾಗುತ್ತದೆ.

ಕಂದಾಯ ಇಲಾಖೆಯು ನಗರಾಡಳಿತದ ಅನ್ನದಾತ. ಸಹಾಯಕ ಕಂದಾಯ ಅಧಿಕಾರಿಯ ಕಚೇರಿಯಲ್ಲಿ ಖಾತೆಯ ವಹಿಗಳು, ಅವರ ಕೆಳಗೆ ಕಂದಾಯ ನಿರೀಕ್ಷಕರು, ಬಿಲ್ ಕಲೆಕ್ಟರುಗಳು. ಖಾತೆಯೆಂಬುದು ಸ್ವತ್ತಿನ ಹಕ್ಕುಪತ್ರವಲ್ಲ; ಆ ಸ್ವತ್ತಿನ ತೆರಿಗೆ ಯಾರ ಹೊಣೆಯೆಂಬುದನ್ನು ದಾಖಲಿಸುವ ಲೆಕ್ಕ ಮಾತ್ರ. ಇಷ್ಟನ್ನು ಅರಿಯದೆ ಮೋಸಹೋದ ಸಂಸಾರಗಳು ಅನೇಕ. 2000ದಲ್ಲಿ ಸ್ವಯಂಘೋಷಣಾ ಪದ್ಧತಿ ಬಂದ ಮೇಲೆ ಮನೆಯ ಯಜಮಾನನೇ ತನ್ನ ಕಟ್ಟಡದ ಅಳತೆಯನ್ನು ಬರೆದು ತೆರಿಗೆಯನ್ನು ಲೆಕ್ಕಹಾಕಿ ಕಟ್ಟುವಂತಾಯಿತು; ಬಿಲ್ ಕಲೆಕ್ಟರಿನ ಇಚ್ಛೆಗೆ ಎಡೆಯಿದ್ದ ಹಳೆಯ ವಿಧಾನಕ್ಕಿಂತ ಇದು ಎಷ್ಟೋ ಮೇಲು. 2008ರಲ್ಲಿ ಪ್ರದೇಶದ ದರವನ್ನೂ ವಿಸ್ತೀರ್ಣವನ್ನೂ ಆಧರಿಸಿದ ಈಗಿನ ಕ್ರಮ ಜಾರಿಗೆ ಬಂದಿತು. ತೆರಿಗೆಯೊಡನೆ ಗ್ರಂಥಾಲಯ, ಆರೋಗ್ಯ, ಭಿಕ್ಷುಕರ ಪುನರ್ವಸತಿಗಳ ಉಪಕರಗಳೂ ಸಂಗ್ರಹವಾಗುತ್ತವೆ.

ಸಂಗ್ರಹಿಸಿದ ಹಣದ ದೊಡ್ಡ ಪಾಲನ್ನು ಬಳಸುವುದು ಕಾಮಗಾರಿ ಇಲಾಖೆ. ಸಹಾಯಕ ಇಂಜಿನಿಯರು, ಸಹಾಯಕ ಕಾರ್ಯಪಾಲಕ ಇಂಜಿನಿಯರು, ಕಾರ್ಯಪಾಲಕ ಇಂಜಿನಿಯರು, ಅಧೀಕ್ಷಕ ಇಂಜಿನಿಯರು, ಮುಖ್ಯ ಇಂಜಿನಿಯರು ಎಂಬ ಮೆಟ್ಟಿಲುಗಳ ಈ ಇಲಾಖೆಯಲ್ಲಿ ವಾರ್ಡಿನ ರಸ್ತೆಗಳು ಒಬ್ಬರಿಗೆ, ಮುಖ್ಯರಸ್ತೆಗಳು ಬೇರೊಂದು ವಿಭಾಗಕ್ಕೆ, ಕೆರೆಗಳು ಮತ್ತೊಂದಕ್ಕೆ, ರಾಜಕಾಲುವೆಗಳು ಇನ್ನೊಂದಕ್ಕೆ ಸೇರಿವೆ. ರಾಜಕಾಲುವೆಯ ವಿಷಯವಾಗಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಬೆಂಗಳೂರು ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ಇಲ್ಲಿ ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಕಣಿವೆಗಳಲ್ಲಿ ಇಳಿದುಹೋಗುತ್ತದೆ. ಪೂರ್ವಿಕರು ಒಂದು ಕೆರೆಯ ಕೋಡಿಯಿಂದ ಹೊರಟ ನೀರು ಕೆಳಗಿನ ಕೆರೆಯನ್ನು ಸೇರುವಂತೆ ಸರಪಣಿಯಾಗಿ ಕೆರೆಗಳನ್ನು ಕಟ್ಟಿದ್ದರು, ಅವುಗಳನ್ನು ಕೂಡಿಸುವ ಕಾಲುವೆಗಳೇ ಇಂದಿನ ರಾಜಕಾಲುವೆಗಳು. ನೀರು ಒಂದೇ ಪ್ರವಾಹವಾಗಿ ಹರಿಯುತ್ತಿದ್ದರೂ ಆಡಳಿತವು ಅದನ್ನು ತುಂಡುಮಾಡಿದೆ. ಮನೆಯ ಮುಂದಿನ ಮೋರಿ ವಾರ್ಡಿನ ಇಂಜಿನಿಯರಿಗೆ, ಅದು ಕೂಡುವ ದೊಡ್ಡ ಕಾಲುವೆ ಮಳೆನೀರು ಕಾಲುವೆಯ ವಿಭಾಗಕ್ಕೆ, ಅದು ಮುಟ್ಟುವ ಕೆರೆ ಕೆರೆಗಳ ವಿಭಾಗಕ್ಕೆ ಅಥವಾ ಬೇರೊಂದು ಪ್ರಾಧಿಕಾರಕ್ಕೆ, ಕಾಲುವೆಗೆ ಅಕ್ರಮವಾಗಿ ಸೇರುವ ಕೊಳಚೆ ಜಲಮಂಡಳಿಗೆ, ದಂಡೆಯ ಒತ್ತುವರಿಯ ಅಳತೆ ಕಂದಾಯದ ಭೂಮಾಪಕರಿಗೆ. ಮಳೆಗಾಲದಲ್ಲಿ ತಗ್ಗಿನ ಬಡಾವಣೆಯೊಂದು ಜಲಾವೃತವಾದಾಗ ಈ ಐವರಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಆಗಿದೆಯೆಂದು ಸತ್ಯವಾಗಿಯೇ ಹೇಳಬಲ್ಲರು, ಮತ್ತು ಅಟ್ಟದ ಮೇಲೆ ಮಕ್ಕಳನ್ನು ಕೂರಿಸಿಕೊಂಡ ತಾಯಿಗೆ ಅದರಿಂದ ಯಾವ ಸಾಂತ್ವನವೂ ದೊರೆಯದು. ಇಡೀ ಕಣಿವೆಗೆ ಒಬ್ಬ ಹೊಣೆಗಾರನಿರಬೇಕೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಆರೋಗ್ಯ ಇಲಾಖೆಗೆ ಎರಡು ಮುಖ. ಹೆರಿಗೆ ಆಸ್ಪತ್ರೆಗಳು, ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಲಸಿಕೆ, ಡೆಂಗಿ ಮಲೇರಿಯಾಗಳ ನಿಯಂತ್ರಣ ಇವು ಒಂದು. ಉದ್ದಿಮೆ ಪರವಾನಗಿ, ಹೋಟೆಲುಗಳ ತನಿಖೆ, ಮರಣದ ದಾಖಲೆ, ಸ್ಮಶಾನ ಮತ್ತು ಚಿತಾಗಾರಗಳ ನಿರ್ವಹಣೆ ಮತ್ತೊಂದು. ವೈದ್ಯಾಧಿಕಾರಿ, ಹಿರಿಯ ಆರೋಗ್ಯ ನಿರೀಕ್ಷಕ, ಕಿರಿಯ ಆರೋಗ್ಯ ನಿರೀಕ್ಷಕ ಎಂಬ ಕ್ರಮದಲ್ಲಿ ಬೀದಿಯ ಕಸದ ಕೆಲಸವೂ ಬಹುಕಾಲ ಇದೇ ಇಲಾಖೆಯಲ್ಲಿತ್ತು. ಕಸವು ನಗರದ ಎಲ್ಲೆಯಾಚೆಯ ಹಳ್ಳಿಗಳ ಅಂಗಳಕ್ಕೆ ಬಿದ್ದು, ಮಾವಳ್ಳಿಪುರದ ತ್ಯಾಜ್ಯಭೂಮಿ 2012ರಲ್ಲಿಯೂ ಮಂಡೂರಿನದು 2014ರ ಕೊನೆಯಲ್ಲಿಯೂ ಗ್ರಾಮಸ್ಥರ ಪ್ರತಿಭಟನೆಯ ಫಲವಾಗಿ ಮುಚ್ಚಿದ ನಂತರ, ಹಸಿಕಸ ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸುವ ಕಟ್ಟಳೆ ಉಚ್ಚ ನ್ಯಾಯಾಲಯದ ಆದೇಶದಿಂದ ಬಲಗೊಂಡಿತು. ಆ ಮೇಲೆ ಈ ಕೆಲಸಕ್ಕಾಗಿಯೇ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತವೆಂಬ ಸಂಸ್ಥೆ ಹುಟ್ಟಿತು. ಇಲ್ಲಿಯೂ ಆಪತ್ತೇ ಮಾತೃಸ್ಥಾನ. ನಗರವು ಏಳುವ ಮುನ್ನ ಮಸ್ಟರಿಂಗ್ ಕೇಂದ್ರದಲ್ಲಿ ಹಾಜರಾತಿ ಕೊಟ್ಟು, ಮೇಸ್ತ್ರಿಯ ಸೂಚನೆಯಂತೆ ಬೀದಿಗಿಳಿಯುವ ಪೌರಕಾರ್ಮಿಕರು, ಅವರಲ್ಲಿಯೂ ಬಹುಸಂಖ್ಯಾತರಾದ ಹೆಂಗಸರು, ಗುತ್ತಿಗೆದಾರರ ಕೈಯಲ್ಲಿ ವರ್ಷಗಟ್ಟಲೆ ಸವೆದರು. ಪಾಲಿಕೆಯ ಆವಶ್ಯಕ ಕರ್ತವ್ಯಗಳಲ್ಲಿ ಮೊದಲನೆಯದನ್ನು ಮಾಡುವವರು ಆಡಳಿತಪಟ್ಟಿಯ ಕೊನೆಯ ಸಾಲಿನಲ್ಲಿರುವುದು ಈ ವ್ಯವಸ್ಥೆಯ ಅತ್ಯಂತ ಶೋಚನೀಯವಾದ ಅಂಶ.

ನಗರ ಯೋಜನೆಯ ವಿಭಾಗವು ಕಟ್ಟಡದ ನಕ್ಷೆಯನ್ನು ಮಂಜೂರು ಮಾಡುತ್ತದೆ, ಕಟ್ಟಡ ಮುಗಿದ ಮೇಲೆ ಸ್ವಾಧೀನಾನುಭವ ಪತ್ರವನ್ನು ಕೊಡುತ್ತದೆ. ಆದರೆ ಯಾವ ಭೂಮಿ ವಾಸಕ್ಕೆ, ಯಾವುದು ವ್ಯಾಪಾರಕ್ಕೆ ಎಂದು ನಿರ್ಣಯಿಸುವ ಮಹಾಯೋಜನೆ ಪಾಲಿಕೆಯ ಕೈಯಲ್ಲಿರಲಿಲ್ಲ. 2007ರಲ್ಲಿ ಅನುಮೋದಿತವಾದ ಮಹಾಯೋಜನೆಯನ್ನು ರೂಪಿಸಿದುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಉಳಿದ ಶಾಖೆಗಳನ್ನು ಹೆಸರಿಸಿದರೆ ಸಾಕು: ಉದ್ಯಾನಗಳ ತೋಟಗಾರಿಕೆ, ಮರಗಳ ರಕ್ಷಣೆಗಾಗಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯನ್ವಯ ನಡೆಯುವ ಅರಣ್ಯ ಘಟಕ, ಪಾಲಿಕೆಯ ಶಾಲಾ ಕಾಲೇಜುಗಳ ಶಿಕ್ಷಣ ವಿಭಾಗ, ಕಲ್ಯಾಣ, ಪಶುಪಾಲನೆ, ಮಾರುಕಟ್ಟೆ, ಸ್ವತ್ತುಗಳು, ಕಾನೂನು ಕೋಶ, ಮುಖ್ಯ ಲೆಕ್ಕ ಪರಿಶೋಧಕರು, ಕೌನ್ಸಿಲ್ ಕಾರ್ಯದರ್ಶಿ.

ಜನಸಾಮಾನ್ಯರು ನಗರಾಡಳಿತವೆಂದು ಭಾವಿಸುವ ಎಷ್ಟೋ ಸೇವೆಗಳು ಪಾಲಿಕೆಯ ಹೊರಗಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಅದೂ ಸಾಲದಾದಾಗ 1964ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿಗಾಗಿ ಪ್ರತ್ಯೇಕ ಮಂಡಳಿ ಸ್ಥಾಪಿತವಾಗಿ, 1974ರಲ್ಲಿ ಕಾವೇರಿಯ ನೀರು ನಗರವನ್ನು ಮುಟ್ಟಿತು. ಬಡಾವಣೆಗಳ ರಚನೆಗಾಗಿ 1945ರಲ್ಲಿ ಬಂದ ನಗರ ಸುಧಾರಣಾ ವಿಶ್ವಸ್ತ ಮಂಡಳಿಯು 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರವಾಯಿತು. ಬಸ್ಸಿಗೆ ಒಂದು ನಿಗಮ, ಮೆಟ್ರೊಗೆ ಒಂದು, ವಿದ್ಯುತ್ತಿಗೆ ಒಂದು. ಪೊಲೀಸ್ ಮತ್ತು ಅಗ್ನಿಶಾಮಕ ದಳಗಳು ನೇರವಾಗಿ ಸರ್ಕಾರದವು. ಈ ಸಂಸ್ಥೆಗಳಲ್ಲಿ ಕೆಲವು ಮಹತ್ತಾದ ಕಾರ್ಯ ಮಾಡಿವೆ, ಅದರಲ್ಲಿಯೂ ನೂರು ಕಿಲೋಮೀಟರಿನಷ್ಟು ದೂರದಿಂದ ನೀರನ್ನು ಮೇಲೆತ್ತಿ ತರುವ ಜಲಮಂಡಳಿಯ ಸಾಧನೆ ಅಸಾಧಾರಣವಾದುದು. ಆದರೆ ಪಾಲಿಕೆಯು ಡಾಂಬರು ಹಾಕಿದ ರಸ್ತೆಯನ್ನು ಕೊಳವೆಗಾಗಿ ಒಂದು ಸಂಸ್ಥೆ, ಕೇಬಲಿಗಾಗಿ ಮತ್ತೊಂದು ಸಂಸ್ಥೆ ಅಗೆಯುವ ದೃಶ್ಯಕ್ಕೆ ಮೂಲವೂ ಇದೇ ಏರ್ಪಾಡು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಮೊದಲಾದ ಕಡೆ ಎಲ್ಲ ಕೊಳವೆ ತಂತಿಗಳಿಗೂ ನೆಲದೊಳಗೆ ಮೊದಲೇ ದಾರಿಮಾಡಿ ಕಟ್ಟಿದ ಟೆಂಡರ್‌ಶ್ಯೂರ್ ರಸ್ತೆಗಳು ಸಹಕಾರವು ಅಸಾಧ್ಯವಲ್ಲವೆಂಬುದನ್ನು ತೋರಿಸಿಕೊಟ್ಟುವು.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ಹದಿನೆಂಟು ವಿಷಯಗಳನ್ನು ಎಣಿಸಿ, ಅವುಗಳನ್ನು ನಗರಸಂಸ್ಥೆಗಳಿಗೆ ವಹಿಸಬಹುದೆಂದು ಹೇಳಿತು. ನೀರು ಸರಬರಾಜು, ನಗರ ಯೋಜನೆ, ಅಗ್ನಿಶಮನ ಮೂರೂ ಅದರಲ್ಲಿವೆ. ಬೆಂಗಳೂರಿನಲ್ಲಿ ಆ ವರ್ಗಾವಣೆ ನಡೆಯಲಿಲ್ಲ. 2007ರಲ್ಲಿ ನೂರು ವಾರ್ಡುಗಳ ಹಳೆಯ ಪಾಲಿಕೆಯೊಡನೆ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಕೂಡಿಸಿ ಬೃಹತ್ ಪಾಲಿಕೆಯನ್ನು ರಚಿಸಲಾಯಿತು. 2010ರಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಎರಡನೆಯ ಸಭೆಯ ಅವಧಿ ಮುಗಿದ ಮೇಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಗರವು ವರ್ಷಗಳನ್ನು ಕಳೆಯಿತು. ಇಲಾಖೆಗಳು ಆಗಲೂ ನಡೆದುವು, ಕಸ ಹೋಯಿತು, ದೀಪ ಉರಿಯಿತು. ಅವುಗಳನ್ನು ಪ್ರಶ್ನಿಸುವ ಸಭೆ ಮಾತ್ರ ಇರಲಿಲ್ಲ.

ಗ್ರೇಟರ್ ಬೆಂಗಳೂರು ಆಡಳಿತದ 2024ರ ಕಾಯಿದೆಯು 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆಯ ಸ್ಥಾನದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಏರ್ಪಟ್ಟುವು. ಪ್ರತಿಯೊಂದಕ್ಕೂ ಬೇರೆ ಆಯುಕ್ತರು. ಅವೆಲ್ಲವುಗಳ ಮೇಲೆ, ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರ. ಮನೆಯ ಸಮೀಪದ ಕೆಲಸಗಳಿಗೆ ಚಿಕ್ಕ ಪಾಲಿಕೆ ಅನುಕೂಲವೆಂಬುದು ಇದರ ಸಮರ್ಥನೆ. ಕಣಿವೆಗಳೂ ಮುಖ್ಯರಸ್ತೆಗಳೂ ಪಾಲಿಕೆಗಳ ಗಡಿಯನ್ನು ಲೆಕ್ಕಿಸದೆ ಸಾಗುವುದರಿಂದ ಅವುಗಳ ಹೊಂದಾಣಿಕೆ ಪ್ರಾಧಿಕಾರದ ಮೇಲೆ ಬೀಳುತ್ತದೆ.

ಈ ಎಲ್ಲ ಇಲಾಖೆಗಳ ಪ್ರತಿನಿಧಿಗಳೂ ನಾಗರಿಕರೂ ಒಂದೆಡೆ ಕೂಡುವ ಸ್ಥಾನ ವಾರ್ಡ್ ಸಮಿತಿ. ಮೂರು ಲಕ್ಷಕ್ಕೆ ಕಡಮೆಯಲ್ಲದ ಜನಸಂಖ್ಯೆಯ ನಗರಗಳಲ್ಲಿ ಇದು ಇರಲೇಬೇಕೆಂದು ಸಂವಿಧಾನವು ವಿಧಿಸಿದೆ. ಬೃಹತ್ ಪಾಲಿಕೆಯ ಕಾಲದ ನಿಯಮದಂತೆ ವಾರ್ಡಿನ ಚುನಾಯಿತ ಸದಸ್ಯರೇ ಅಧ್ಯಕ್ಷರಾಗಿದ್ದರು; ಹತ್ತು ಮಂದಿ ಸದಸ್ಯರಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ನಿವಾಸಿಗಳ ಸಂಘಗಳಿಗೂ ಸ್ಥಾನಗಳಿದ್ದುವು; ತಿಂಗಳಿಗೊಮ್ಮೆ ಸಭೆ ಸೇರಿ ವಾರ್ಡಿನ ಕಾಮಗಾರಿ, ನೀರು, ಕಸ, ದೀಪಗಳ ವಿಷಯವನ್ನು ಚರ್ಚಿಸಿ ನಡವಳಿಯನ್ನು ದಾಖಲಿಸಬೇಕಾಗಿತ್ತು. ವಾರ್ಡಿನ ಇಂಜಿನಿಯರೂ ಆರೋಗ್ಯ ನಿರೀಕ್ಷಕರೂ ಜಲಮಂಡಳಿಯವರೂ ವಿದ್ಯುತ್ ಕಂಪನಿಯವರೂ ಆ ಸಭೆಗೆ ತಪ್ಪದೆ ಬಂದ ವಾರ್ಡುಗಳಲ್ಲಿ, ಯಾವ ಕೆಲಸ ಯಾರದೆಂದು ಕೇಳಲು ನಿವಾಸಿಗಳು ಐದು ಕಚೇರಿಗಳನ್ನು ಸುತ್ತಬೇಕಾಗುವುದಿಲ್ಲ.