ದತ್ತಿನಿಧಿ ಯಾರಿಗೆ?

ಬರೆದು ತುಂಬಾ ದಿನವಾಯ್ತು. ಕೇಳಿದವರಿಗೆಲ್ಲ ಆಫೀಸಿನ ಕೆಲಸ ಅಂತ ಹೇಳ್ತಾ ಬಂದೆ. ನಿಜ ಏನಂದರೆ ಈ ವಿಷಯಕ್ಕೆ ಕೈ ಹಾಕೋಕೆ ಮನಸ್ಸು ಬರ್ತಿರಲಿಲ್ಲ.

ಅರಕಲಗೂಡಿನ ನನ್ನ ಗೆಳೆಯನ ತಮ್ಮ ಐಟಿಐ ಮುಗಿಸಿ ಬೆಂಗಳೂರಿನ ಒಂದು ಕಾರ್ಖಾನೆಗೆ ಸೇರಿದ್ದ. ವಯಸ್ಸು ಹತ್ತೊಂಬತ್ತು. ಸೇರಿದ ಒಂಬತ್ತನೇ ದಿನ, ಓಡ್ತಿದ್ದ ಮೆಷಿನ್ನಿಗೆ ಎಣ್ಣೆ ಹಾಕೋಕೆ ಹೋದಾಗ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿಕೊಂಡಿತು. ಅಷ್ಟೇ. ಅದಕ್ಕಿಂತ ಹೆಚ್ಚು ಬರೆಯಲಾರೆ.

ವರ್ಷ ಕಳೆದ ಮೇಲೆ ನಾವು ನಾಲ್ಕು ಜನ ಸೇರಿದೆವು. ಹಾಸನದವನು ನಾನು, ಉಳಿದವರು ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನವರು. ಎಲ್ಲರೂ ಕೈಲಾದಷ್ಟು ಹಾಕಿ ಹುಡುಗನ ಹೆಸರಲ್ಲಿ ಒಂದು ದತ್ತಿನಿಧಿ ಇಡೋಣ ಅಂತ. ನಮ್ಮ ಕಡೆ ದತ್ತಿನಿಧಿ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ಲ? ಸ್ಕೂಲ್ ಡೇ ದಿನ ಮೈಕಿನಲ್ಲಿ ಪಟ್ಟಿ ಓದ್ತಾರೆ, "ದಿವಂಗತ ಇಂಥವರ ಸ್ಮರಣಾರ್ಥ, ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಅತಿ ಹೆಚ್ಚು ಅಂಕ..." ನಾವೂ ಅದೇ ಅಂದುಕೊಂಡಿದ್ದೆವು. ಗೆಳೆಯ ಒಪ್ಪಲಿಲ್ಲ.

"ನನ್ ತಮ್ಮ ಗಣಿತದಲ್ಲಿ ಮೂವತ್ತೈದು ತಗೊಂಡೋನು ಕಣೋ. ಅವನ ಹೆಸರಲ್ಲಿ ಫಸ್ಟ್ ಬಂದೋರಿಗೆ ದುಡ್ಡು ಕೊಟ್ರೆ ಅವನೇ ನಗ್ತಾನೆ."

ಮತ್ಯಾರಿಗೆ? ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ನಾನು ಹಳೇ ಕಾನೂನುಗಳನ್ನ ಓದೋಕೆ ಶುರು ಮಾಡಿದ್ದು.

ಬ್ರಿಟಿಷ್ ಇಂಡಿಯಾದ ಮೊದಲ ಫ್ಯಾಕ್ಟರಿ ಕಾಯಿದೆ ಬಂದಿದ್ದು 1881ರಲ್ಲಿ. (ಅದೇ ವರ್ಷ ಮೈಸೂರು ರಾಜ್ಯ ಬ್ರಿಟಿಷರ ಕೈಯಿಂದ ಒಡೆಯರಿಗೆ ವಾಪಸ್ ಬಂತು. ಹಾಗಾಗಿ ನಮ್ಮ ಹಾಸನ ಆ ಕಾಯಿದೆಯ ಹೊರಗಿತ್ತು.) ಅದರ ಪ್ರಕಾರ ಏಳು ವರ್ಷ ತುಂಬಿದ ಮಗು ಕಾರ್ಖಾನೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದಿತ್ತು! ಇನ್ನೊಮ್ಮೆ ಓದಿ, ಏಳು ವರ್ಷ. 1891ರಲ್ಲಿ ಅದು ಒಂಬತ್ತಾಯ್ತು, 1922ರಲ್ಲಿ ಹನ್ನೆರಡು, 1948ರ ಕಾಯಿದೆಯಲ್ಲಿ ಹದಿನಾಲ್ಕು. ಏಳರಿಂದ ಹದಿನಾಲ್ಕಕ್ಕೆ ಬರೋಕೆ ನಮಗೆ 67 ವರ್ಷ ಬೇಕಾಯ್ತು.

1948ರ ಕಾಯಿದೆಯ 22ನೇ ಸೆಕ್ಷನ್ ಓದಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹದಿನೆಂಟು ತುಂಬದವರು ಓಡ್ತಿರೋ ಯಂತ್ರದ ಚಾಲಕ ಭಾಗಗಳಿಗೆ ಎಣ್ಣೆ ಹಾಕೋ ಹಾಗಿಲ್ಲ. ದೊಡ್ಡವರಲ್ಲೂ ಅದಕ್ಕೆಂದೇ ತರಬೇತಿ ಪಡೆದವನು, ರಿಜಿಸ್ಟರಿನಲ್ಲಿ ಹೆಸರಿರುವವನು ಮಾತ್ರ ಹೋಗಬೇಕು. ಅವನು ಮೈಗೆ ಬಿಗಿಯಾದ ಬಟ್ಟೆ ಹಾಕಿರಬೇಕು, ಆ ಬಟ್ಟೆಯನ್ನ ಮಾಲೀಕನೇ ಕೊಡಬೇಕು. ಅಂಗಿಯ ತೋಳಿನ ವಿಷಯ 1948ರಲ್ಲೇ ಯಾರಿಗೋ ಗೊತ್ತಿತ್ತು! ಕೂತು ಬರೆದಿಟ್ಟಿದ್ದಾರೆ. ಭೋಪಾಲ್ ದುರಂತದ ನಂತರ, 1987ರಲ್ಲಿ, ಇನ್ನೊಂದು ಸೆಕ್ಷನ್ ಸೇರಿಸಿದರು. ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ಮಾಹಿತಿ ಕೇಳೋದು, ತರಬೇತಿ ಪಡೆಯೋದು ಕಾರ್ಮಿಕನ ಹಕ್ಕು ಅಂತ. ಈಗ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ನವೆಂಬರ್ 21, 2025ರಿಂದ ಜಾರಿ. ಆದರೆ ಐಟಿಐ ಮುಗಿಸಿದ ಹುಡುಗನಿಗೆ ಇಂಥದ್ದೊಂದು ಹಕ್ಕು ಇದೆ ಅಂತ ಹೇಳೋರು ಯಾರು? ನನಗೂ ಯಾರೂ ಹೇಳಿರಲಿಲ್ಲ. ಬಿಇ ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿಗೆ ನಾನು ಎಷ್ಟೋ ದಿನ ಚಪ್ಪಲಿಯಲ್ಲೇ ಹೋಗಿದ್ದೇನೆ.

ಕಾರ್ಖಾನೆ ಮಾತ್ರ ಅಂದುಕೊಳ್ಳಬೇಡಿ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಹೋದರು. ಸಂಜಯ್ ಖಾನ್ ಬದುಕುಳಿದದ್ದು ಎಲ್ಲರಿಗೂ ನೆನಪಿದೆ. ಆ 62 ಜನರಲ್ಲಿ ಒಬ್ಬರ ಹೆಸರು ಹೇಳಿ ಅಂದರೆ ನನಗೂ ಬರಲ್ಲ.

2010ರ ಫೆಬ್ರವರಿ 23. ನಾನಾಗ ಹಾಸನದಲ್ಲಿ ಮಿಡ್ಲ್ ಸ್ಕೂಲು, ಟಿವಿಯಲ್ಲಿ ನೋಡಿದ್ದು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ನಮ್ಮಂಥವರೇ ಕೂತು ಕೆಲಸ ಮಾಡೋ ಆಫೀಸುಗಳು. ಹೊಗೆ ಮಹಡಿಯಿಂದ ಮಹಡಿಗೆ ಏರಿತು, ಉಸಿರು ಕಟ್ಟಿದವರು ಗಾಜು ಒಡೆದರು, ಕೆಲವರು ಮೇಲಿಂದ ಜಿಗಿದೇ ಬಿಟ್ಟರು. ಒಂಬತ್ತು ಜನ ಸತ್ತರು. ಆಮೇಲೆ ನಡೆದದ್ದು ನಮ್ಮಲ್ಲಿ ಅಪರೂಪ. ಸತ್ತವರ ಮನೆಯವರು, ಗೆಳೆಯರು ಪರಿಹಾರದ ಮಾತಿಗೆ ನಿಲ್ಲದೆ "ಬಿಯಾಂಡ್ ಕಾರ್ಲ್‌ಟನ್" ಅಂತ ಸಂಸ್ಥೆ ಕಟ್ಟಿ, ಬೆಂಕಿಯಿಂದ ಪಾರಾಗೋದು ಹೇಗೆ ಅಂತ ಜನರಿಗೆ ಹೇಳಿಕೊಡೋಕೆ ಹೊರಟರು. ನಮ್ಮ ಆಫೀಸಿನಲ್ಲಿ ಫೈರ್ ಡ್ರಿಲ್ ಅಂದರೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಮೆಟ್ಟಿಲಿಳಿದು ಟೀ ಕುಡಿದು ಬರೋದು. ಇದನ್ನ ಓದಿದ ಮೇಲೆ ನಾನು ಲ್ಯಾಪ್‌ಟಾಪ್ ಬಿಟ್ಟು ಇಳೀತೀನಿ.

ಕೆನಡಾದ್ದೂ ಒಂದು ಸಿಕ್ಕಿತು. ಎಡ್ಮಂಟನ್ ನಗರಸಭೆಯ ಐಸ್ ರಿಂಕಿನಲ್ಲಿ ಕೆಲಸಕ್ಕಿದ್ದ ಒಬ್ಬ ಯುವಕ 2005ರಲ್ಲಿ ಸ್ಫೋಟದಿಂದ ಸುಟ್ಟು ತೀರಿಕೊಂಡ. ಅವನ ಹೆಸರಿನ ವಿದ್ಯಾರ್ಥಿವೇತನವನ್ನ ಕೊಡೋದು ಕೆಲಸದ ಸುರಕ್ಷತೆಯ ಬಗ್ಗೆ ಓದುವವರಿಗೆ. ನಮ್ಮ ಗೆಳೆಯ ಹುಡುಕ್ತಿದ್ದದ್ದು ಇದೇ.

ಹೋದ ತಿಂಗಳು ಅವರ ಮನೆಗೆ ಹೋಗಿ ಹೇಳಿದೆವು. ಅಪ್ಪ ತಂಬಾಕಿನ ಬ್ಯಾರನ್ ಮುಂದೆ ಕೂತಿದ್ದರು. ಎಲ್ಲ ಕೇಳಿಸಿಕೊಂಡು, "ಮಾರ್ಕ್ಸ್ ಕೇಳ್ಬೇಡಿ ಕಣ್ರಪ್ಪ" ಅಂದರು. ಅಮ್ಮ ಒಳಗಿಂದ ಕಾಫಿ ತಂದುಕೊಟ್ಟು, ಬರೋ ಹುಡುಗರಿಗೆ ದುಡ್ಡಿನ ಜೊತೆ ಒಂದು ಜೊತೆ ಒಳ್ಳೇ ಶೂ ಕೊಡೋಕಾಗುತ್ತಾ ಅಂತ ಕೇಳಿದರು. ಆಗುತ್ತೆ ಅಂದಿದ್ದೇವೆ.

ಅರ್ಜಿಯಲ್ಲಿ ಒಂದೇ ಪ್ರಶ್ನೆ: ನಿಮ್ಮ ವರ್ಕ್‌ಶಾಪಿನಲ್ಲಿ ಯಾವ ಜಾಗದಲ್ಲಿ, ಯಾಕೆ ಪೆಟ್ಟಾಗಬಹುದು? ಒಂದು ಪುಟ ಬರೆಯಿರಿ, ಚಿತ್ರ ಬರೆದರೂ ಸರಿ. ಕೊಡೋದು ಮಾರ್ಚ್ 4ಕ್ಕೆ, ರಾಷ್ಟ್ರೀಯ ಸುರಕ್ಷತಾ ದಿನ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಐಟಿಐಗಳಲ್ಲಿ ಪರಿಚಯದ ಮೇಷ್ಟ್ರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನಾಲ್ಕೂ ಕಡೆ ನಾವೇ ಹೋಗಿ ಮಾತಾಡ್ತೇವೆ.