ಕಾವೇರಿ ಕಣಿವೆಯ ಜಲಚಕ್ರ: ಟಿಎಂಸಿ ಲೆಕ್ಕಕ್ಕೆ ಸಿಗದ ನೀರು

ಕಾವೇರಿ ನ್ಯಾಯಮಂಡಳಿಯು 2007ರ ಅಂತಿಮ ಐತೀರ್ಪಿನಲ್ಲಿ ಕಣಿವೆಯ ಒಟ್ಟು ನೀರಿನ ಲಭ್ಯತೆಯನ್ನು 740 ಟಿಎಂಸಿ ಎಂದು ನಿಗದಿಪಡಿಸಿತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಆ ಮೊತ್ತವನ್ನು ಒಪ್ಪಿಕೊಂಡು, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಯಬೇಕಾದ ಪಾಲನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ನಮ್ಮ ಜಲರಾಜಕಾರಣವೆಲ್ಲ ಈ ಅಂಕಿಗಳ ಸುತ್ತಲೇ ನಡೆದಿದೆ. ಆದರೆ ಇವು ಕಣಿವೆಯ ಮೇಲೆ ಬೀಳುವ ನೀರಿನ ಸಣ್ಣ ಪಾಲನ್ನಷ್ಟೇ ಹೇಳುತ್ತವೆ ಎಂಬುದು ಪ್ರಸ್ತುತ ಲೇಖನದ ವಾದ.

740 ಟಿಎಂಸಿ ಎಂದರೆ ಸುಮಾರು 21 ಘನ ಕಿ.ಮೀ. ನೀರು. ಅದನ್ನು 81,155 ಚದರ ಕಿ.ಮೀ. ವಿಸ್ತಾರದ ಕಣಿವೆಯ ಮೇಲೆ ಸಮನಾಗಿ ಹರಡಿದರೆ ಸುಮಾರು 260 ಮಿ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆಯೋ 1,000 ಮಿ.ಮೀ.ಗೂ ತುಸು ಹೆಚ್ಚು. ಅಂದರೆ ನದಿಯಾಗುವುದು ಮಳೆಯ ಕಾಲು ಭಾಗ ಮಾತ್ರ. ಈ ಬಗೆಯ ಲೆಕ್ಕಕ್ಕೆ ದೀರ್ಘ ಇತಿಹಾಸವಿದೆ. ಫ್ರಾನ್ಸಿನ ಪಿಯರ್ ಪೆರೊ 1674ರಲ್ಲೇ ಸೀನ್ ನದಿಯ ಮೇಲ್ಭಾಗದ ಮಳೆಯನ್ನೂ ಹರಿವನ್ನೂ ಹೋಲಿಸಿ, ಮಳೆ ಹರಿವಿನ ಆರು ಪಟ್ಟು ಇದೆಯೆಂದು ತೋರಿಸಿದ್ದ. ನದಿಗಳನ್ನು ತುಂಬಲು ಮಳೆಯೊಂದೇ ಸಾಕೆಂಬುದಕ್ಕೆ ಅದು ಮೊದಲ ಅಳತೆಯ ಸಾಕ್ಷ್ಯ.

ಉಳಿದ ಮುಕ್ಕಾಲು ಪಾಲಿನಲ್ಲಿ ಹೆಚ್ಚಿನದು ಆವಿಯಾಗಿ ಮೇಲೇರುತ್ತದೆ. ಕೊಡಗಿನ ಕಾಡು, ಕಾಫಿ ತೋಟ, ಮೈಸೂರು ಸೀಮೆಯ ರಾಗಿ ಹೊಲ ಎಲ್ಲವೂ ಬೇರಿನಿಂದ ಹೀರಿದ್ದನ್ನು ಎಲೆಯಿಂದ ಬಿಡುತ್ತವೆ. ಇಡೀ ಭೂಮಿಯ ಚಿತ್ರವೂ ಇದಕ್ಕೆ ಹತ್ತಿರವೇ: ನೆಲದ ಮೇಲೆ ವರ್ಷಕ್ಕೆ ಬೀಳುವ ಸುಮಾರು 1,13,000 ಘನ ಕಿ.ಮೀ. ಮಳೆಯಲ್ಲಿ 73,000ದಷ್ಟು ಮರಳಿ ಗಾಳಿಗೆ ಸೇರುತ್ತದೆ, 40,000ದಷ್ಟು ಕಡಲಿಗೆ ಹರಿಯುತ್ತದೆ. ಗಾಳಿಗೇರಿದ ಆವಿ ಅಲ್ಲಿರುವುದು ಸರಾಸರಿ ಒಂಬತ್ತು ದಿನ. ಆಮೇಲೆ ಇನ್ನೆಲ್ಲೋ ಮಳೆ.

ಆ ‘ಇನ್ನೆಲ್ಲೋ’ ಎಲ್ಲಿ ಎಂಬುದೇ ಇಲ್ಲಿ ಮುಖ್ಯ. ಮುಂಗಾರಿನ ತೇವದ ಮೂಲದ ಬಗ್ಗೆ ಹಿಂದೆ ನಡೆದ ಚರ್ಚೆ ಸಮುದ್ರಕ್ಕೆ ಸೀಮಿತವಾಗಿತ್ತು. ಪಿ.ಆರ್. ಪಿಷಾರೋಟಿ 1965ರಲ್ಲಿ ಅರಬ್ಬಿ ಸಮುದ್ರದ ಆವಿಗೆ ಒತ್ತು ಕೊಟ್ಟರೆ, ಮುಂದಿನ ಅಧ್ಯಯನಗಳು ಭೂಮಧ್ಯರೇಖೆಯನ್ನು ದಾಟಿ ಬರುವ ದಕ್ಷಿಣ ಹಿಂದೂ ಮಹಾಸಾಗರದ ತೇವವನ್ನು ಮುಂದಿಟ್ಟವು. ಕಾಡಿನ ಪಾತ್ರ ಆ ಚರ್ಚೆಯಲ್ಲಿ ಹಿಂದೆಯೇ ಉಳಿಯಿತು. ಮುಂಬೈ ಐಐಟಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೊರತೆಯನ್ನು ತುಂಬಿತು. ಪಶ್ಚಿಮಘಟ್ಟದ ಸಸ್ಯರಾಶಿ ಬಿಡುವ ಆವಿ ಮುಂಗಾರಿನಲ್ಲಿ ತಮಿಳುನಾಡಿನ ಮಳೆಗೆ ಗಣನೀಯ ಪಾಲು ಒದಗಿಸುತ್ತದೆ. ಮಳೆ ಕೈಕೊಟ್ಟ ದಿನಗಳಲ್ಲಿ ಆ ಪಾಲು ಇನ್ನೂ ಹೆಚ್ಚುತ್ತದೆ ಎಂದು ಅದು ಕಂಡುಕೊಂಡಿತು. ಘಟ್ಟದ ನೀರು ಕೆಳನಾಡಿಗೆ ನದಿಪಾತ್ರದಲ್ಲಷ್ಟೇ ಅಲ್ಲ, ಗಾಳಿಯಲ್ಲೂ ಹೋಗುತ್ತಿದೆ. ಆ ದಾರಿಗೆ ಅಣೆಕಟ್ಟಿಲ್ಲ, ಅಳತೆಗಟ್ಟೆಯೂ ಇಲ್ಲ.

ಇಲ್ಲೊಂದು ತೊಡಕನ್ನು ಮುಚ್ಚಿಡಬಾರದು. ಮರ ಆವಿಯಾಗಿಸಿದ ನೀರು ಆ ವರ್ಷ ಹೊಳೆಗೆ ಸೇರುವುದಿಲ್ಲ. ಹಾಗಾಗಿ ಗಿಡ ನೆಟ್ಟಲ್ಲೆಲ್ಲ ಹೊಳೆ ತುಂಬುತ್ತದೆಂಬ ಜನಪ್ರಿಯ ನಂಬಿಕೆ ಪೂರ್ಣ ಸತ್ಯವಲ್ಲ. ನೀಲಗಿರಿ ತೋಪುಗಳ ಕೆಳಗೆ ಬತ್ತಿದ ಬಾವಿಗಳನ್ನು ನಮ್ಮ ರೈತರು ಕಂಡಿದ್ದಾರೆ. ಸಹಜ ಕಾಡಿನ ಮಾತು ಬೇರೆ. ಅದರ ತರಗೆಲೆ, ಸಡಿಲ ಮಣ್ಣು ಜಡಿಮಳೆಯನ್ನು ನೆಲಕ್ಕಿಳಿಸುತ್ತವೆ, ಇಳಿದ ನೀರು ಬೇಸಿಗೆಯಲ್ಲಿ ಒರತೆಯಾಗಿ ಹೊರಬರುತ್ತದೆ. ಶೋಲಾ ಕಾಡು ಮತ್ತು ಹುಲ್ಲುಗಾವಲು ಸೇರಿದ ಶಿಖರಗಳಲ್ಲಿ ಹುಲ್ಲಿಗೂ ಅಷ್ಟೇ ಬೆಲೆಯಿದೆ. ಅಲ್ಲಿ ಅಕೇಶಿಯಾ ನೆಡುವುದನ್ನು ಜಲಸಂರಕ್ಷಣೆ ಎಂದು ಕರೆಯಲು ನಾನು ಒಪ್ಪಲಾರೆ.

ನ್ಯಾಯಾಲಯ ನದಿಯಾಚೆಗೆ ನೋಡಿದ್ದಕ್ಕೆ ಒಂದು ನಿದರ್ಶನ ಈಗಾಗಲೇ ಇದೆ. 2018ರ ತೀರ್ಪು ತಮಿಳುನಾಡಿನಲ್ಲಿರುವ 20 ಟಿಎಂಸಿ ಅಂತರ್ಜಲದ ಪೈಕಿ 10 ಟಿಎಂಸಿಯನ್ನು ಹಂಚಿಕೆಯಲ್ಲಿ ಗಣಿಸಿತು. ನೆಲದಡಿಯ ನೀರು ಲೆಕ್ಕಕ್ಕೆ ಬಂದ ಮೇಲೆ ಗಾಳಿಯ ನೀರನ್ನು ಹೊರಗಿಡಲು ಕಾರಣವಿಲ್ಲ. ಆವಿಯನ್ನು ರಾಜ್ಯಗಳ ನಡುವೆ ಹಂಚಲಾಗದು ನಿಜ; ಆದರೆ ಉಪಗ್ರಹದ ನೆರವಿನಿಂದ ಅದನ್ನು ಅಂದಾಜು ಮಾಡಬಹುದು. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು ಜಲಾಶಯಗಳ ಮಟ್ಟದ ಜೊತೆಗೆ ಘಟ್ಟದ ಕಾಡು, ತೋಟ, ಗದ್ದೆಗಳ ಆವಿಯ ಅಂದಾಜನ್ನೂ ತಿಂಗಳು ತಿಂಗಳು ಪ್ರಕಟಿಸಬೇಕು. ಕೊಡಗಿನ ಕಾಡು ಉಳಿಸುವುದರಲ್ಲಿ ತಂಜಾವೂರಿನ ರೈತನಿಗೂ ಹಕ್ಕಿನ ಪಾಲಿದೆ ಎಂಬುದನ್ನು ಎರಡೂ ರಾಜ್ಯಗಳು ಕಾಗದದ ಮೇಲೆ ಒಪ್ಪಿಕೊಳ್ಳಲಿ.